ಕೊನೆಯಲ್ಲಿ ಸೇರುವ ಎರಡು ದಾರಿ

ಜೂನ್ ೧೨, ಗುರುವಾರ

ಲ್ಯಾಬಿನಲ್ಲಿ ಮ್ಯಾನೇಜರು "ಇಷ್ಟೇನಾ?" ಅಂದದ್ದು ಇನ್ನೂ ಕಿವಿಯಲ್ಲೇ ಕೊರೆಯುತ್ತಿದೆ. ಹೌದು ಸ್ವಾಮಿ, ಇಷ್ಟೇ.

ನಮ್ಮ ಔಷಧಿ ಏಳು ಹಂತಗಳಲ್ಲಿ ತಯಾರಾಗುತ್ತದೆ. ಪ್ರತಿ ಹಂತದಲ್ಲೂ ಐದರಲ್ಲೊಂದು ಪಾಲು ಸೋರಿಹೋಗುತ್ತದೆ. ಸಾಲಾಗಿ ಮಾಡಿದರೆ ನೂರು ಪಾಲಿಗೆ ಕೊನೆಗೆ ಕೈಗೆ ಸಿಗುವುದು ಇಪ್ಪತ್ತೊಂದು. ಎರಡು ವರ್ಷದಿಂದ ಎಲ್ಲರೂ ಒಂದೊಂದೇ ಹಂತವನ್ನು ತಿದ್ದಿ ತೀಡಿ ಸುಸ್ತಾಗಿದ್ದರು. ಈ ತಿಂಗಳು ಆ ಕೆಲಸಕ್ಕೇ ಎಳ್ಳುನೀರು ಬಿಡುವವರಿದ್ದರು. ನಾನು ಹಂತಗಳನ್ನು ಮುಟ್ಟಲಿಲ್ಲ, ಸಾಲನ್ನು ಮುರಿದೆ. ಅಣುವಿನ ಎರಡು ಅರ್ಧಗಳನ್ನು ಮೂರು ಮೂರು ಹಂತದಲ್ಲಿ ಬೇರೆ ಬೇರೆಯಾಗಿ ತಯಾರಿಸಿ, ಏಳನೆಯದರಲ್ಲಿ ಬೆಸೆದೆ. ಈಗ ಯಾವ ಅರ್ಧವೂ ನಾಲ್ಕು ಸಲಕ್ಕಿಂತ ಹೆಚ್ಚು ಸೋರುವುದಿಲ್ಲ. ಬರೀ ಗುಣಾಕಾರ. ಕಾಗದದ ಮೇಲೆ ನಲವತ್ತೊಂದು ಬಂದಿತ್ತು. ಇವತ್ತು ಪುಡಿ ಒಣಗಿಸಿ ತೂಗಿ ಲೆಕ್ಕ ಹಾಕಿದರೆ ನಲವತ್ತು.

ಆ ಬಿಳಿ ಪುಡಿಯನ್ನು ಎಷ್ಟು ನೋಡಿದರೂ ಸಾಲದು. ಕಾರಣವಿಲ್ಲದೆ ಮೂರು ಸಲ ಬಾಟಲಿಯನ್ನು ಬೆಳಕಿಗೆ ಹಿಡಿದೆ.

ಅತ್ತೆ ನಲವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರು. ಊಟದ ಹೊತ್ತಿಗೆ ಪೂರ್ತಿ ಕೇಳಿಸಿಕೊಂಡರು.

"ಇದು ಐದನೇ ಕ್ಲಾಸಿನ ಲೆಕ್ಕ ಅಲ್ವೇನಮ್ಮಾ?"

"ಹೌದತ್ತೆ. ಮ್ಯಾನೇಜರೂ ಹಾಗೇ ಮೂಗು ಮುರಿದ್ರು."

"ಮುರೀಲಿ ಬಿಡು. ದೊಡ್ಡ ಲೆಕ್ಕ ಆಗಿದ್ರೆ ತಪ್ಪು ಹುಡುಕ್ತಿದ್ರು. ಇದರಲ್ಲಿ ಏನು ಹುಡುಕ್ತಾರೆ?"

ನಿದ್ದೆ ಎಳೆಯುತ್ತಿದೆ. ನಾಳೆ ಅವರು ಮತ್ತೆ "ಇಷ್ಟೇನಾ?" ಅಂದರೆ ಬಾಟಲಿಯನ್ನು ಅವರ ಕೈಗೇ ಕೊಟ್ಟು, "ಹೌದು ಸ್ವಾಮಿ, ಇಷ್ಟೇ" ಅನ್ನುತ್ತೇನೆ.