ಉಡಿ ತುಂಬಿ ಸಹಿ ಕೇಳುವವರ ದ್ವೀಪ

ಗ್ರಾಹಕರ ದೂರು ಕೇಳಲೆಂದೇ ಕುರ್ಚಿ ಹಾಕಿಸಿಕೊಂಡಿರುವ ಮಾನ್ಯ ಅಧಿಕಾರಿಗಳೇ,

ಮೋಸ ಹೋದ ಮೇಲೆ ಬನ್ನಿ ಎಂದು ನಿಮ್ಮ ಕಚೇರಿ ನನ್ನನ್ನು ಹಿಂದಕ್ಕೆ ಕಳಿಸಿದೆ. ಮೋಸ ಹೋಗುವುದಕ್ಕೆ ನಮಗೆ ಭಾನುವಾರ ಸಂಜೆಯವರೆಗೆ ಸಮಯವಿದೆ. ಆಮೇಲೆ ರಿಯಾಯಿತಿ ಇಲ್ಲವಂತೆ.

ನಾನು ಆಳಂದದ ಕಡೆಯವಳು. ಗಂಡನ ಜೊತೆ ಗಾರೆ ಹೊರಲು ಪುಣೆಗೆ ಬಂದು ಇಲ್ಲಿಯವಳೇ ಆದೆ. ಮಗ ಪ್ರೇಮಕುಮಾರ ಇಲ್ಲಿನ ಕನ್ನಡ ಶಾಲೆಗೆ ಹೋಗುವಾಗ ಅವನ ಪುಸ್ತಕದಲ್ಲೇ ನಾನೂ ಅಕ್ಷರ ಕಲಿತೆ. ಇಲ್ಲಿಯವರೆಗೆ ಬರೆದದ್ದೆಲ್ಲ ಊರಿನ ತಂಗಿಯರಿಗೆ, ಅವರ ಮಕ್ಕಳಿಗೆ. ಅಧಿಕಾರಿಗೆ ಬರೆಯುವುದು ಇದೇ ಮೊದಲು. ಸಲಿಗೆ ಹೆಚ್ಚಾದರೆ ಅಭ್ಯಾಸದ ದೋಷವೆಂದು ಬಿಡಿ. ಪತ್ರ ಕನ್ನಡದಲ್ಲಿದೆ. ಓದಲು ಬರದಿದ್ದರೆ ಯಾರಿಂದಲಾದರೂ ಓದಿಸಿಕೊಳ್ಳಿ. ನಮಗೆ ಬರದ ಇಂಗ್ಲಿಷಿನ ಕಾಗದಕ್ಕೆ ನಮ್ಮ ಸಹಿ ನಡೆಯುತ್ತದೆ ಎಂದಾದರೆ, ನಿಮಗೆ ಬರದ ಕನ್ನಡದ ಪತ್ರಕ್ಕೆ ನಿಮ್ಮ ಉತ್ತರವೂ ನಡೆಯಬೇಕು.

ಆದದ್ದು ಇಷ್ಟು. ಪೆಟ್ರೋಲ್ ಪಂಪಿನಲ್ಲಿ ಮಗ ಒಂದು ಚೀಟಿ ತುಂಬಿ ಡಬ್ಬಿಗೆ ಹಾಕಿದ್ದ. ಬಹುಮಾನ ಬಂದಿದೆ, ಗಂಡ ಹೆಂಡತಿ ಕೂಡಿಯೇ ಬರಬೇಕು ಎಂದು ಫೋನು ಬಂತು. ಬಹುಮಾನವೆಂದರೆ ಸಮಾರಂಭ ಇರುತ್ತದೆಂದು ಮಗ, ಸೊಸೆ ದುರ್ಗಾ, ಜೊತೆಗೆ ನಾನು, ಮೂವರೂ ಹೊಸ ಬಟ್ಟೆ ಉಟ್ಟು ಒಂದು ದೊಡ್ಡ ಹೋಟೆಲಿಗೆ ಹೋದೆವು. ಒಳಗೆ ಸಮಾರಂಭವೂ ಇಲ್ಲ, ಬಹುಮಾನವೂ ಇಲ್ಲ, ಟೇಬಲಿಗೊಂದು ಜೋಡಿ, ಎದುರಿಗೊಬ್ಬ ಮಾತುಗಾರ. ಅಷ್ಟು ಜೋರಾಗಿ ಹಾಡು ಹಾಕಿದ್ದರು, ಮಗ್ಗುಲಲ್ಲಿದ್ದ ಸೊಸೆಯ ಮಾತೂ ಕೇಳಿಸುತ್ತಿರಲಿಲ್ಲ. ಯೋಚನೆ ಮಾಡಬಾರದೆಂದೇ ಹಾಡು ಹಾಕಿಸಿದ್ದರೋ ಏನೋ, ದೇವರಿಗೇ ಗೊತ್ತು.

ನಮ್ಮ ಮಾತುಗಾರನ ಹೆಸರು ಅವಧೂತ. ಕೂರುವ ಮೊದಲೇ ಬಗ್ಗಿ ನನ್ನ ಕಾಲು ಮುಟ್ಟಿ, "ಆಯಿ, ಆಶೀರ್ವಾದ ಮಾಡಿ" ಎಂದ. ನಾನು ಒಳ್ಳೆಯದಾಗಲಿ ಎಂದೆ. ಕೂಡಲೇ ಅವನು ಮಗನ ಕಡೆ ತಿರುಗಿ, "ನೋಡಿ, ಆಯಿಯದು ಒಪ್ಪಿಗೆ ಆಯಿತು" ಎಂದ! ಯಾವುದಕ್ಕೆ ಒಪ್ಪಿದೆನೆಂದು ನನಗೇ ತಿಳಿದಿರಲಿಲ್ಲ. ಆಮೇಲೆ ಚಿತ್ರ ತೋರಿಸಿದರು. ಅಂಡಮಾನಿನ ಕಡೆ ಒಂದು ದ್ವೀಪ, ತೆಂಗಿನ ಮರ, ಕಾಲ ಕೆಳಗಿನ ಮರಳು ಕಾಣುವಂಥ ನೀರು. ವರ್ಷಕ್ಕೊಂದು ವಾರ ಅಲ್ಲಿಯ ಕೋಣೆ ನಮ್ಮದು, ಇಪ್ಪತ್ತೈದು ವರ್ಷ. ಇವತ್ತೇ ಸಹಿ ಹಾಕಿದರೆ ಅರ್ಧ ಬೆಲೆ. ವಿಮಾನದ ಖರ್ಚು ನಮ್ಮದೇ. ಹೋದರೂ ಹೋಗದಿದ್ದರೂ ವರ್ಷವರ್ಷ ಆ ಕೋಣೆಯ ಉಸ್ತುವಾರಿಗೆ ಕಟ್ಟಬೇಕಂತೆ. ಈ ಕೊನೆಯ ಮಾತನ್ನು ಮಾತ್ರ ಅವನು ಹಾಡಿನ ಒಳಗೆ ಹೇಳಿದ.

ಮಗ ಹಿಂದೆಮುಂದೆ ನೋಡಿದ. ಆಗ ಒಬ್ಬ ಹುಡುಗಿ ತಟ್ಟೆ ಹಿಡಿದು ಬಂದು ದುರ್ಗಾಳಿಗೆ ಅರಿಶಿನ ಕುಂಕುಮ ಹಚ್ಚಿ, ತೆಂಗಿನಕಾಯಿ, ಕುಪ್ಪಸದ ಖಣ, ಅಕ್ಕಿ ಹಾಕಿ ಉಡಿ ತುಂಬಿದಳು.

ಅಧಿಕಾರಿಗಳೇ, ಅವರ ಜಾಣತನ ಇಲ್ಲಿದೆ. ಮಾತಿಗೆ ಮಾತು ಕೊಟ್ಟು ಏಳಬಹುದು. ಉಡಿ ತುಂಬಿದವರ ಮನೆಯಿಂದ ಮುಖ ಮುರಿದುಕೊಂಡು ಹೇಗೆ ಏಳುವುದು? ನಮ್ಮಲ್ಲಿ ಉಡಿಯಲ್ಲಿ ಬಿದ್ದದ್ದನ್ನು ಯಾರೂ ತಿರುಗಿ ಕೊಡುವುದಿಲ್ಲ. ಕೊಟ್ಟರೆ ಕೇಡು ಎಂದು ಹೆಣ್ಣುಮಕ್ಕಳ ಜೀವ ನಡುಗುತ್ತದೆ. ದುರ್ಗಾ ಪೆನ್ನು ಹಿಡಿದೇಬಿಟ್ಟಿದ್ದಳು. ನನಗೆ ತಲೆ ಸುತ್ತುತ್ತಿದೆ ಎಂದು ನಾನು ಸುಳ್ಳು ಹೇಳಿ ಇಬ್ಬರನ್ನೂ ಎಬ್ಬಿಸಿಕೊಂಡು ಬಂದೆ. ನನ್ನ ತಲೆಸುತ್ತಿನ ಮೇಲೆ ಕರುಣೆ ತೋರಿ ಅವಧೂತ ರಿಯಾಯಿತಿಯನ್ನು ಭಾನುವಾರಕ್ಕೆ ಮುಂದೂಡಿದ್ದಾನೆ.

ಉಡಿ ತುಂಬುವುದು ತವರುಮನೆಯ ಕೆಲಸ. ಸಹಿ ಹಾಕುವ ತನಕ ಮಗಳನ್ನು ಬಾಗಿಲು ದಾಟಿಸದ ತವರು ಯಾವುದು, ನೀವೇ ಹೇಳಿ.

ಮಾರನೆಯ ದಿನ ಎರಡು ಬಸ್ಸು ಬದಲಿಸಿ ನಿಮ್ಮ ಕಚೇರಿಗೆ ಬಂದೆ. ಇದು ಮೋಸವೋ ನ್ಯಾಯವೋ ನನಗೆ ಗೊತ್ತಿಲ್ಲ, ಗೊತ್ತಿಲ್ಲವೆಂದೇ ಕೇಳಲು ಬಂದೆ. ಕಿಟಕಿಯಲ್ಲಿ ಕೂತಿದ್ದವರು ನಮ್ಮ ಕಡೆಯವರೇ ಇರಬೇಕು, ಮರಾಠಿಯಲ್ಲಿ ಶುರು ಮಾಡಿ ಕನ್ನಡಕ್ಕೆ ಬಂದರು.

"ಸಹಿ ಆಗ್ಯಾವೇನ್ರಿ?"

"ಇನ್ನಾ ಇಲ್ರಿ."

"ರೊಕ್ಕಾ ಕಟ್ಟೀರೇನು?"

"ಇಲ್ರಿ. ಕಟ್ಟಬೇಕೋ ಬ್ಯಾಡೋ ಅಂತ ಕೇಳಾಕ ಬಂದೀನ್ರಿ."

"ಅಂದ್ರ ನಿಮಗ ಲುಕ್ಸಾನೇ ಆಗಿಲ್ಲಲ್ರಿ ಯಮ್ಮಾ! ಲುಕ್ಸಾನ ಆಗಲಾರದ ತಕರಾರು ಹೆಂಗ ಬರ್ಕೊಳ್ಳಲಿ? ಆದ ಮ್ಯಾಲ ಬರ್ರಿ, ನೋಡೋಣಂತ."

ಎಂಥ ಅಚ್ಚುಕಟ್ಟಾದ ವ್ಯವಸ್ಥೆ! ಬಾವಿಯ ಹತ್ತಿರ ಕಾವಲುಗಾರನಿದ್ದಾನೆ. ಬಿದ್ದವರ ಹೆಸರು ಬರೆದುಕೊಳ್ಳುವುದಷ್ಟೇ ಅವನ ಕೆಲಸ.

ಮನೆಯಲ್ಲಿ ಯುದ್ಧ ನಡೆದಿದೆ. ಕಟ್ಟಬೇಕೆಂದಿರುವ ಹಣ ದುರ್ಗಾ ಹೊಲಿಗೆ ಅಂಗಡಿ ಹಾಕಲು ಇಟ್ಟದ್ದು. ಕುಪ್ಪಸ ಹೊಲಿದು ಹೊಲಿದು ಕೂಡಿಸಿದ್ದು. ಅದು ಹೋದರೆ ಅಂಗಡಿಯ ಮಾತು ಮುಗಿಯಿತು. ನಾನು ಮಗನನ್ನು ಕೇಳಿದೆ: "ಪ್ರೇಮ್ಯಾ, ಚಾಕಣದ ಕಾರಿನ ಕಾರ್ಖಾನ್ಯಾಗ ನಿನ್ನ ಗುತ್ತೇದಾರ ಮದುವಿಗೆ ಹೋಗಾಕ ಎರಡು ದಿನ ಸೂಟಿ ಕೊಡಲಿಲ್ಲ. ವರ್ಷಕ್ಕೊಂದು ವಾರ ಎಲ್ಲಿಂದ ತರತಿ? ಮುಂದಿನ ದೀಪಾವಳಿಗೆ ಕೆಲಸ ಇರತದೋ ಇಲ್ಲೋ ಗೊತ್ತಿಲ್ಲ, ಇಪ್ಪತ್ತೈದು ವರ್ಷದ ಕೋಣಿ ಹಿಡೀತೀಯಲ್ಲೋ!"

ಅವನು ಊಟದ ತಾಟು ಸರಿಸಿದ. "ದಿನಾ ಕಾರಿಗೆ ಸೀಟು ಕೂಡ್ರಿಸತೀನಿ ಯವ್ವಾ. ಒಂದರಾಗೂ ಕುಂತು ಎಲ್ಲೂ ಹೋಗಿಲ್ಲ. ನಾವೇನು ಬರೇ ದುಡಿಯಾಕ ಹುಟ್ಟೀವೇನು? ದುರ್ಗಾಗ ಒಮ್ಮೆರ ಸಮುದ್ರ ತೋರಸಬಾರದೇನು?"

"ತೋರಸಪಾ. ಎಸ್ಟಿ ಬಸ್ ಹತ್ತಿದ್ರ ಕೊಂಕಣ ಎಷ್ಟು ದೂರ ಅದ?"

"ಅದು ದ್ವೀಪ ಅಲ್ಲ."

ನನಗೆ ನಗು ಬಂತು. ಅವನ ಆಸೆಯಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಬೇರೆಯವರು ಕೂರುವ ಸೀಟು ಕೂರಿಸುವವನಿಗೆ ತಾನೂ ಕೂರಬೇಕೆನಿಸುವುದು ಅಪರಾಧವೇ? ಆ ಆಸೆಯ ವಾಸನೆ ಹಿಡಿದು ಪೆಟ್ರೋಲ್ ಪಂಪಿನವರೆಗೆ ಬಂದು ಡಬ್ಬಿ ಇಟ್ಟು ಕೂತವರ ಬಗ್ಗೆ ನನ್ನ ತಕರಾರು. ಒಳ್ಳೆಯ ಸರಕಾದರೆ ಒಂದು ವಾರ ಕಾದರೆ ಕೆಡುತ್ತದೆಯೇ? ಮೀನು ಮಾರುತ್ತಿದ್ದಾರೆಯೇ ಇವರು?

ಗಂಡ ಹೆಂಡತಿ ಇಬ್ಬರ ಸಹಿಯೂ ಬೇಕಂತೆ. ಹಾಗಾಗಿ ಎಲ್ಲವೂ ದುರ್ಗಾಳ ಕೈಯಲ್ಲಿದೆ. ಅವಳು ಮೂರು ದಿನ ಸರಿಯಾಗಿ ಉಣ್ಣಲಿಲ್ಲ. "ನನಗ ಅಂಗಡೀನೇ ಬೇಕ್ರಿ ಅತ್ತಿ. ಆದ್ರ ಉಡಿ ತುಂಬಿಸಿಕೊಂಡು ಬಂದೀನಲ್ರಿ, ಬ್ಯಾಡ ಅಂತ ಹೆಂಗ ಅನ್ನಲಿ?" ಎಂದು ಅತ್ತಳು. ಇಂಥ ಪ್ರಶ್ನೆಗೆ ನಿಮ್ಮ ಕಾನೂನಿನಲ್ಲಿ ಉತ್ತರ ಇರಲಿಕ್ಕಿಲ್ಲ. ನನ್ನಲ್ಲಿತ್ತು. "ಉಡಿ ತಿರುಗಿ ಕೊಡಬ್ಯಾಡ ಮಗಳ. ನೀನೂ ಆ ಹುಡುಗಿಗೆ ಉಡಿ ತುಂಬು. ಅಲ್ಲಿಗೆ ಸಾಟಿ. ಆಕೀನೂ ಯಾರದೋ ಮಗಳು, ಹೊಟ್ಟಿಪಾಡಿಗೆ ತಟ್ಟಿ ಹಿಡದಾಳ" ಎಂದೆ. ದುರ್ಗಾ ಕಣ್ಣೊರೆಸಿಕೊಂಡಳು. ಆಮೇಲೆ ಎದ್ದು, ತಾನು ಹೊಲಿಯಲು ಇಟ್ಟುಕೊಂಡಿದ್ದ ಇಳಕಲ್ ಖಣ ತೆಗೆದಿಟ್ಟಳು. ಭಾನುವಾರ ಅತ್ತೆ ಸೊಸೆ ಹೋಗುತ್ತೇವೆ. ಅವಳ ಕೈಯಿಂದ ಆ ಹುಡುಗಿಯ ಉಡಿ ತುಂಬಿಸಿ, ಸಹಿ ಹಾಕದೆ ಎದ್ದು ಬರುತ್ತೇವೆ. ಮಗ ಬರುವುದಿಲ್ಲವಂತೆ. ನನ್ನ ಜೊತೆ ಮಾತು ಬಿಟ್ಟಿದ್ದಾನೆ.

ನಮ್ಮ ಮನೆಯಲ್ಲಿ ತಲೆಸುತ್ತಿನ ಸುಳ್ಳು ಹೇಳಲು ಒಬ್ಬ ಮುದುಕಿ ಇದ್ದಳು. ಮಿಕ್ಕ ಟೇಬಲುಗಳಲ್ಲಿ ಇರಲಿಲ್ಲ. ಮಗ್ಗುಲ ಟೇಬಲಿನ ಹುಡುಗ ಹುಡುಗಿ, ಬೆಂಗಳೂರಿನ ಕನ್ನಡ ಮಾತಾಡುವವರು, "ಸೈನ್ ಮಾಡ್ಬಿಡೋಣ, ಮನೆಗೆ ಹೋಗಿ ಯೋಚಿಸೋಣ" ಎಂದು ಆ ಹಾಡಿನ ಗದ್ದಲದಲ್ಲಿ ಒಬ್ಬರಿಗೊಬ್ಬರು ಕೂಗಿ ಹೇಳಿಕೊಂಡು ಸಹಿ ಹಾಕಿದ್ದನ್ನು ಕಣ್ಣಾರೆ ಕಂಡೆ. ಓದಿದವರು, ಅಧಿಕಾರಿಗಳೇ! ಅವರ ಹಿರಿಯರು ಎಲ್ಲೋ ದೂರದಲ್ಲಿದ್ದಾರೆ.

ಆದ್ದರಿಂದ ಕೇಳುತ್ತೇನೆ. ಕರೆಸಿ ಕೂರಿಸಿದ ದಿನವೇ ಯಾರೂ ಸಹಿ ಹಾಕಿಸಿಕೊಳ್ಳಬಾರದೆಂದು ಆಜ್ಞೆ ಮಾಡಿ. ಕಾಗದ ಮೊದಲು ಮನೆಗೆ ಬರಲಿ, ಓದುವವನ ಭಾಷೆಯಲ್ಲಿ ಬರಲಿ. ಲುಕ್ಸಾನಿಗೆ ಮುಂಚೆ ಕೇಳಲು ಬಂದವರಿಗೆ ಉತ್ತರಿಸಲು ಒಂದು ಕಿಟಕಿ ತೆರೆಯಿರಿ. ಹಿರಿಯರಿಲ್ಲದ ಮನೆಗಳಿಗೆ ಹಿರಿಯರಾಗಿ ನಿಲ್ಲಲೆಂದೇ ಅಲ್ಲವೇ ಸರ್ಕಾರ ನಿಮ್ಮನ್ನು ಅಲ್ಲಿ ಕೂರಿಸಿರುವುದು?

ಇಂತಿ,
ಇನ್ನೂ ಲುಕ್ಸಾನವಾಗದ ಕಾರಣ ದೂರು ಕೊಡಲು ಅರ್ಹಳಲ್ಲದ, ಮಗನ ಸಿಟ್ಟಿಗೆ ಮಾತ್ರ ಪೂರ್ಣ ಅರ್ಹಳಾದ
ಶಿವಕಾಂತಾ
ಪುಣೆ