ಎಡಗಡೆ ನಿಂತವರು ಮೊದಲು

ಬುಧವಾರ, ಬೆಳಿಗ್ಗೆ

ಚಿತ್ರಕಾರ ಮಹಾಶಯರಿಗೆ,

ಹೇಗಿದ್ದೀರಿ ಎಂದು ಕೇಳುವುದಿಲ್ಲ. ಮೊನ್ನೆ ನಮ್ಮ ಕಾಮಿಕ್ಸಿನ ಈ ತಿಂಗಳ ಚಿತ್ರಗಳ ಪಾರ್ಸೆಲ್ ನಿಮ್ಮಿಂದ ಬಂತು. ಬಿಚ್ಚಿ ನೋಡಿದಾಗಿನಿಂದ ತಲೆ ಕೆಟ್ಟು ಕೂತಿದ್ದೇನೆ.

ಉಳಿದ ಹಾಳೆಗಳೆಲ್ಲ ಚೆನ್ನಾಗಿವೆ. ಟಾರ್ಚ್ ಮಾಮ ಮೆಟ್ಟಿಲಿನಿಂದ ಜಾರುವ ಚೌಕ ನೋಡಿ ಒಬ್ಬಳೇ ನಕ್ಕೆ, ನಕ್ಕಿದ್ದಕ್ಕೆ ಇನ್ನೂ ಸಿಟ್ಟು ಬಂತು. ಆದರೆ ಆ ಕೊನೆಯ ಪುಟ? ಅದೇನ್ರೀ ಅದು?

ನಾನು ಸ್ಪಷ್ಟವಾಗಿ ಬರೆದು ಕಳಿಸಿದ್ದೆ. ಕಳೆದ ಸಂಚಿಕೆಯಲ್ಲಿ ಜಗಳವಾಡಿ ಮನೆಬಿಟ್ಟು ಹೋದ ಟಾರ್ಚ್ ಮಾಮ ಈ ಸಂಚಿಕೆಯ ಕೊನೆಗೆ ಬಸ್ ನಿಲ್ದಾಣದಲ್ಲಿ ಛತ್ರಿ ಅತ್ತೆಯ ಕೈಗೆ ಸಿಗುತ್ತಾನೆ. ಮಾಮ ಎಡಗಡೆ, ಅತ್ತೆ ಬಲಗಡೆ. ಮಾಮ "ತಪ್ಪಾಯ್ತು ಕಣೇ" ಎನ್ನಬೇಕು. ಅತ್ತೆ ಮುಖ ಊದಿಸಿಕೊಂಡೇ "ಸರಿ, ನಡೀರಿ" ಎನ್ನಬೇಕು. ನೀವು ಅತ್ತೆಯನ್ನು ತಂದು ಎಡಗಡೆ ನಿಲ್ಲಿಸಿದ್ದೀರಿ! ಎಡದಿಂದ ಬಲಕ್ಕೆ ಓದುವ ಜನಕ್ಕೆ ಎಡಗಡೆ ನಿಂತವರ ಮಾತೇ ಮೊದಲು. ಇದನ್ನು ನನಗೆ ಕಲಿಸಿಕೊಟ್ಟವರೇ ನೀವು.

ಕೈತಪ್ಪಿ ಆಯಿತು ಎಂದು ಮಾತ್ರ ಹೇಳಬೇಡಿ. ನಿನ್ನೆ ಅಚ್ಚುಮನೆಗೆ ಹೋಗಿದ್ದೆ. ಪುಟ ಜೋಡಿಸುವಾಕೆ ಕಂಪ್ಯೂಟರಿನಲ್ಲಿ ಹಾಕಿ, "ಕನ್ನಡಿಲಿ ಕಂಡ ಹಾಗೆ ತಿರುಗಿಸಿಬಿಡ್ಲಾ ಮೇಡಂ, ಎಷ್ಟೊತ್ತಿನ ಕೆಲ್ಸ" ಎಂದರು. ತಿರುಗಿಸಿದರೆ ಹಿಂದಿನ ಅಂಗಡಿಗಳ ಬೋರ್ಡಿನ ಅಕ್ಷರವೆಲ್ಲ ಉಲ್ಟಾ. ಒಂದು ಬೋರ್ಡು ಬರೆಯಿರಿ ಎಂದು ಅಂಗಲಾಚಿದರೂ ಬರೆಯದ ನೀವು ಈ ಸಲ ಸಾಲಾಗಿ ತೂಗುಹಾಕಿದ್ದೀರಿ. ಹೋಗಲಿ, ಮಾಮನ ಮಾತಿನ ಬಲೂನನ್ನಾದರೂ ಮೇಲಕ್ಕೇರಿಸೋಣ, ಮೇಲಿದ್ದ ಮಾತನ್ನು ಮೊದಲು ಓದುತ್ತಾರೆ ಎಂದುಕೊಂಡರೆ, ಅಲ್ಲಿ ಅತ್ತೆ ಬಿಚ್ಚಿ ಹಿಡಿದ ಛತ್ರಿ! ಮಾಮನ ತಲೆಯ ಮೇಲೆ ಬೆರಳಿಡುವಷ್ಟು ಜಾಗವಿಲ್ಲ. ಮಳೆಯಿಲ್ಲ, ಬಿಸಿಲಿಲ್ಲ, ನಿಲ್ದಾಣಕ್ಕೆ ಸೂರು ಬೇರೆ ಇದೆ. ಯಾವ ಪುರುಷಾರ್ಥಕ್ಕೆ ಆ ಛತ್ರಿ? ನನಗೆ ಯಾವ ದಾರಿಯೂ ಉಳಿಯದ ಹಾಗೆ ಕೂತು ಯೋಚಿಸಿ ಬಿಡಿಸಿದ್ದೀರಿ.

ಡ್ರಾಯಿಂಗ್ ಬೋರ್ಡು ಹೊತ್ತುಕೊಂಡು ನಿಮ್ಮ ಅಕ್ಕನ ಮನೆ ಸೇರಿದ ಮೇಲೆ ಪ್ರತಿ ತಿಂಗಳೂ ಹಾಳೆ ಬರುತ್ತದೆ, ಜೊತೆಗೆ ಒಂದು ಸಾಲು ಬರುವುದಿಲ್ಲ. ಜಗಳವಾದದ್ದಾದರೂ ಯಾವುದಕ್ಕೆ! ನೀವು ಒಂದೊಂದು ಕೂದಲೂ ಬಿಡಿಸಿದ ಬೆಕ್ಕಿನ ಮುಖದ ಮೇಲೆ ನಾನು ಮಾತಿನ ಬಲೂನು ಅಂಟಿಸಿದೆ ಎಂದು. ಮಾತು ಬರೆದು, ಕತ್ತರಿಸಿ, ಅಂಟಿಸುವುದು ನನ್ನ ಕೆಲಸ. ನೀವು ಜಾಗ ಬಿಟ್ಟಿದ್ದರೆ ತಾನೆ! ಬೆಕ್ಕಿನಿಂದ ಶುರುವಾದದ್ದು ನಮ್ಮಮ್ಮನವರೆಗೆ ಹೋಯಿತು, ಅಲ್ಲಿಂದ ನಿಮ್ಮ ಸೂಟ್‌ಕೇಸಿಗೆ. "ನನ್ನ ಚಿತ್ರದ ಮೇಲೆಲ್ಲ ನಿನ್ನ ಮಾತೇ" ಎಂದು ಹೊರಟಿರಿ. ಈಗ ಮಾತಿಲ್ಲ. ಸುಖವಾಗಿದ್ದೀರಾ?

ನಿನ್ನೆ ಸಂಜೆ ಪ್ರಕಾಶಕರೂ ಬಂದಿದ್ದರು. ಹೋದ ಸಲ ನಾವು ತಡಮಾಡಿದ್ದಕ್ಕೆ ಬಸ್ ನಿಲ್ದಾಣದ ಪುಸ್ತಕದಂಗಡಿಯಾತ ನಮ್ಮನ್ನು ನೇತುಹಾಕುವ ಕ್ಲಿಪ್ಪಿಗೆ ಪದಬಂಧದ ಪುಸ್ತಕ ಸಿಕ್ಕಿಸಿದ್ದಾನಂತೆ. ಈ ಸಲ ಶುಕ್ರವಾರ ಅಚ್ಚಿಗೆ ಹೋಗದಿದ್ದರೆ "ಮರ್ಯಾದೆಯಾಗಿ ನಿಲ್ಲಿಸಿಬಿಡೋಣಮ್ಮ" ಎಂದರು. ಮರ್ಯಾದೆಯಂತೆ! ಮಾಮ ಅತ್ತೆ ಇಬ್ಬರೂ ಮನೆ ಸೇರದೆ ಹಾಗೇ ನಿಂತುಹೋದರೆ ಅದು ಯಾವ ಸೀಮೆ ಮರ್ಯಾದೆ?

ಇದು ಸಾಲದೆಂದು ನಮ್ಮ ಬೀದಿಯ ಸಲೂನಿನವರು ಅಡ್ಡ ಹಾಕಿದರು. ಅಲ್ಲಿ ಬೆಂಚಿನ ಮೇಲಿರುವ ನಮ್ಮ ಹಳೆಯ ಸಂಚಿಕೆಗಳ ಮಡಿಕೆಯಲ್ಲೆಲ್ಲ ಊರಿನವರ ಕೂದಲು. "ಕಟಿಂಗ್ ಆದ್ಮೇಲೂ ಜನ ಎದ್ದು ಹೋಗಲ್ಲ ಮೇಡಂ. ಅವರಿಬ್ರೂ ಒಂದಾಗ್ತಾರೋ ಇಲ್ವೋ ಹೇಳ್ಬಿಡಿ, ಬೆಂಚಾದ್ರೂ ಖಾಲಿ ಆಗ್ಲಿ" ಎಂದರು. ನನಗೇನು ಗೊತ್ತು, ಚಿತ್ರಕಾರರನ್ನೇ ಕೇಳಿ ಎಂದು ರೇಗಿ ಬಂದೆ. ಪಾಪ, ಅವರದೇನು ತಪ್ಪು? ಮೂಲೆ ತಿರುಗುವಷ್ಟರಲ್ಲಿ ನನಗೆ ಅಳು ಬಂತು.

ಯಾಕೆ ಎಂದು ಹೇಳಿಬಿಡುತ್ತೇನೆ. ಮನೆಬಿಟ್ಟು ಹೋದವರು ನೀವು. ಮಾಮ, ಅಂದರೆ. ಹೋದವರು ಸುಮ್ಮನೆ ಬಂದು ಬಲಗಡೆ ನಿಂತುಬಿಡುವುದು, ಉಳಿದವಳೇ ಮೊದಲು ಬಾಯಿ ಬಿಡುವುದು, ಇದು ಯಾವ ನ್ಯಾಯ? ಚಿತ್ರದಲ್ಲಾದರೂ ನೀವು ಮೊದಲು ಮಾತಾಡಬಾರದಿತ್ತೇ? ನಿಮ್ಮ ಮೇಲೆ ಎಷ್ಟು ಸಿಟ್ಟಿದೆಯೋ ನೀವಿಲ್ಲದೆ ಅಷ್ಟೇ ಬೇಜಾರಾಗಿದೆ. ಇದನ್ನು ಓದಿ ಬೀಗಬೇಡಿ.

ಅಂಚೆಯನ್ನು ನೆಚ್ಚಿಕೊಂಡರೆ ಆಗುವುದಿಲ್ಲವೆಂದು ಈ ಪತ್ರವನ್ನು ಪ್ರಕಾಶಕರ ಕೈಯಲ್ಲೇ ಕಳಿಸುತ್ತಿದ್ದೇನೆ. ನಿಮ್ಮ ಅಕ್ಕನವರನ್ನು ಕೇಳಿದೆನೆಂದು ತಿಳಿಸಿ.

ಇಂತಿ,
ನಿಮ್ಮ ಚಿತ್ರದ ಮೇಲೆಲ್ಲ ಮಾತು ಮೆತ್ತುವವಳು

ತಾ.ಕ.: ಎಡಗಡೆಯ ಬಲೂನು ಬರೆದು ಅಂಟಿಸಿಯಾಯಿತು. ಅತ್ತೆ "ಬಂದ್ರಾ? ಬನ್ನಿ, ಮನೆಗೆ ಹೋಗೋಣ" ಎನ್ನುತ್ತಾಳೆ. ಅದಕ್ಕೆ ಮಾಮ ಏನೆನ್ನುತ್ತಾನೋ ನನಗೆ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಬಲಗಡೆಯದನ್ನು ಖಾಲಿ ಬಿಟ್ಟಿದ್ದೇನೆ. ಶುಕ್ರವಾರದೊಳಗೆ ನೀವೇ ಬಂದು ನಿಮ್ಮ ಕೈಯಾರೆ ಬರೆಯಿರಿ. ಪಾರ್ಸೆಲ್ ಮಾಡಿದರೆ ನಾನು ತೆಗೆದುಕೊಳ್ಳುವುದಿಲ್ಲ.