ಅಪ್ಪ ಹೇಳಿದ್ದು, ನಾನು ಬರೆದುಕೊಂಡದ್ದು

ಭಾನುವಾರ, ಮಾರ್ಚ್ ೧೪

ಪ್ರೀತಿಯ ಪುಟ್ಟಿ,

ನಾನಿಲ್ಲಿ ಹೇಗೋ ಇದ್ದೇನೆ. ನೀವೆಲ್ಲ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಕಾಗದ ಬಂದು ತಿಂಗಳಾಯಿತು. ದಿನಾ ಊರವರ ಸುದ್ದಿಯನ್ನೆಲ್ಲ ಪತ್ರಿಕೆಗೆ ಬರೆಯುವವಳಿಗೆ ತಂಗಿಗೆ ನಾಲ್ಕು ಸಾಲು ಗೀಚಲು ಪುರುಸೊತ್ತಿಲ್ಲವೇ ಎಂದು ಬೈದುಕೊಂಡಿರುತ್ತೀಯ. ಬೈದುಕೋ. ಪುರುಸೊತ್ತಿತ್ತು, ಧೈರ್ಯವಿರಲಿಲ್ಲ.

ನೀನು ಕೇಳಿದ್ದು ಎರಡು. ಪತ್ರಿಕೆಗೆ ಸೇರಿದ ನಿನ್ನ ಮಗಳು ಶಾರ್ಟ್‌ಹ್ಯಾಂಡ್ ಕಲಿಯಬೇಕೇ ಎಂಬುದು ಒಂದು. ‘ಸಾಯೋ ಮುಂಚೆ ಅಪ್ಪ ನನ್ನನ್ನ ಕೇಳಿದ್ರಾ?’ ಎಂಬುದು ಇನ್ನೊಂದು. ಸುಲಭದ್ದನ್ನು ಮೊದಲು ಹೇಳಿಬಿಡುತ್ತೇನೆ.

ಕಲಿಯಲಿ. ಫೋನಿನಲ್ಲೇ ಎಲ್ಲ ರೆಕಾರ್ಡ್ ಆಗುವಾಗ ಈ ಗೀಟು ಗೀಚೋದು ಯಾಕೆ ದೊಡ್ಡಮ್ಮ ಅಂತಾಳಂತೆ. ಕೋರ್ಟಿನೊಳಗೆ ಫೋನು ತೆಗೆದರೆ ಜವಾನ ಹೊರಗೆ ಕಳಿಸುತ್ತಾನೆ. ಮೂರು ಗಂಟೆಯ ಸಭೆಯನ್ನು ರೆಕಾರ್ಡ್ ಮಾಡಿದರೆ ಬೇಕಾದ ಒಂದು ಮಾತಿಗಾಗಿ ಮತ್ತೆ ಮೂರು ಗಂಟೆ ಕೇಳಬೇಕು. ಪುಸ್ತಕದಲ್ಲಾದರೆ ಅಂಚಿನಲ್ಲಿ ಒಂದು ಗೀಟು ಎಳೆದಿಟ್ಟರೆ ಸಾಕು. ‘ನಾನು ಹಾಗೆ ಹೇಳೇ ಇಲ್ಲ’ ಅಂದ ಅಧ್ಯಕ್ಷರೊಬ್ಬರ ಮುಂದೆ ತಾರೀಖು ಹಾಕಿದ ಪುಟ ತೆರೆದಿಟ್ಟು ಬಾಯಿ ಮುಚ್ಚಿಸಿದ್ದೇನೆ. ಅವರಿಗೆ ಅದನ್ನು ಓದಲು ಬರುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ನಮ್ಮ ಉಪಸಂಪಾದಕರಂತೂ ಇವತ್ತಿಗೂ ಅದನ್ನು ಕಾಗೆಕಾಲು ಗುಬ್ಬಿಕಾಲು ಅಂತಲೇ ಕರೆಯುವುದು.

ದಿನಕ್ಕೊಂದು ಗಂಟೆ ಕೂರಲಿ. ಗೆರೆ ತೆಳುವಾಗಿಯೂ ದಪ್ಪವಾಗಿಯೂ ಬರುವ ಪೆನ್ಸಿಲ್ಲು ಬೇಕು. ಬರೆದದ್ದನ್ನು ಅವತ್ತೇ ಬಿಡಿಸಿ ಬರೆಯಬೇಕು. ತಂಗಳಾದರೆ ತನ್ನ ಬರಹ ತನಗೇ ಗುರುತು ಸಿಗುವುದಿಲ್ಲ. ಜೋರಾಗಿ ಓದಿ ಹೇಳಲು ಮನೆಯಲ್ಲಿ ಒಬ್ಬರಿರಬೇಕು. ನನಗೆ ಅಪ್ಪ ಇದ್ದರು. ನೆನಪಿದೆಯಾ, ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಸಂಪಾದಕೀಯ ಓದುತ್ತಿದ್ದರು. ನೀನು ಪಕ್ಕದಲ್ಲಿ ಕೂತು ಬಿದ್ದು ಬಿದ್ದು ನಗುತ್ತಿದ್ದೆ.

ಸದಾ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ನನಗೆ ಕಲಿಸಿದ ಮೇಷ್ಟ್ರದು ಒಂದೇ ಮಂತ್ರ: ‘ಅರ್ಥ ಹುಡುಕ್ತಾ ಕೂತ್ರೆ ಕೈ ನಿಲ್ಲುತ್ತೆ. ಕಿವಿಗೆ ಬಿದ್ದದ್ದು ಸೀದಾ ಕೈಗೆ ಬರ್ಬೇಕು, ತಲೆಗೆ ಹತ್ತಿಸ್ಕೋಬೇಡಿ.’ ನಾನು ಒಳ್ಳೆಯ ವಿದ್ಯಾರ್ಥಿನಿ. ಇಪ್ಪತ್ತಾರು ವರ್ಷವಾಯಿತು, ಯಾರು ಒಂದೇ ಸಮನೆ ಮಾತಾಡಿದರೂ ನನ್ನ ಕೈ ಬರೆಯುತ್ತಿರುತ್ತದೆ, ನಾನು ಇನ್ನೆಲ್ಲೋ ಇರುತ್ತೇನೆ. ಪೆನ್ಸಿಲ್ಲು ಯಾವಾಗ ಕೆಳಗಿಡಬೇಕೆಂದು ಮೇಷ್ಟ್ರು ಹೇಳಿಕೊಡಲಿಲ್ಲ. ಮಗುವಿಗೆ ನೀನಾದರೂ ಹೇಳು.

ಇನ್ನು ಅಪ್ಪನ ವಿಷಯ. ಹೋಗುವ ಹಿಂದಿನ ದಿನ ಬೆಳಿಗ್ಗೆ ಜ್ವರ ಇಳಿದಿತ್ತು. ಆಸ್ಪತ್ರೆಯ ಕಿಟಕಿ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿ, ‘ಬರ್ಕೋ’ ಅಂದರು. ಇಬ್ಬರಿಗೂ ಹಳೆಯ ಅಭ್ಯಾಸ. ಕಾಲು ಗಂಟೆ ಮಾತಾಡಿದರು. ಎರಡು ದಿನದಿಂದ ನನಗೆ ನಿದ್ದೆಯಿರಲಿಲ್ಲ. ಸಂಜೆಯೊಳಗೆ ನಗರಸಭೆಯ ವರದಿ ಕೊಡಬೇಕೆಂಬ ಚಿಂತೆ ಬೇರೆ. ಕೈ ಬರೆಯಿತು. ಮುಗಿಸಿ, ‘ಎಲ್ಲ ಬರ್ಕೊಂಡ್ಯಾ?’ ಅಂದರು. ‘ಎಲ್ಲ ಬರ್ಕೊಂಡೆ ಅಪ್ಪ’ ಅಂದೆ. ನೆಮ್ಮದಿಯಿಂದ ಕಣ್ಣು ಮುಚ್ಚಿದರು. ನರ್ಸಿಗೆ ಹೇಳಿ ನಾನು ಸಭೆಗೆ ಹೋದೆ. ಐದು ಗಂಟೆಗೆ ವಾಪಸು ಬರುವಷ್ಟರಲ್ಲಿ ಎಚ್ಚರ ತಪ್ಪಿತ್ತು. ಮರುದಿನ ಹೋದರು. ನೀನು ಬರುವಾಗ ಎಲ್ಲ ಮುಗಿದಿತ್ತು.

ಆರು ವರ್ಷದ ಹಿಂದೆ ಅವರು ನಿನ್ನ ಗಂಡನಿಗೆ ಆಡಬಾರದ ಮಾತು ಆಡಿದ್ದು ನಿಜ. ‘ಇನ್ನು ಈ ಹೊಸ್ತಿಲು ತುಳಿಯಲ್ಲ’ ಎಂದು ನೀನು ಹೋದದ್ದೂ ನಿಜ. ಇಬ್ಬರೂ ಒಂದೇ ಅಚ್ಚು. ಯಾರು ಮೊದಲು ಬಾಯಿ ಬಿಡುತ್ತಾರೆಂದು ಕಾಯುತ್ತ ಕೂತುಬಿಟ್ಟಿರಿ. ಆಸ್ಪತ್ರೆಗೆ ಸೇರಿಸಿದ್ದನ್ನು ತಿಳಿಸಿದಾಗಲೂ ನೀನು, ‘ಅಪ್ಪ ಕರೆದ್ರೆ ಬರ್ತೀನಿ’ ಅಂದೆ. ಈಗ, ‘ಕೊನೆಗೂ ನನ್ನನ್ನ ಬೇಡ ಅಂದ್ಕೊಂಡೇ ಹೋದ್ರು ಅಕ್ಕ’ ಎಂದು ಬರೆದಿದ್ದೀಯ. ಆ ಸಾಲು ಓದಿ ಎರಡು ದಿನ ಊಟ ಸೇರಲಿಲ್ಲ ನನಗೆ. ಆದರೆ ಆ ಪುಟಗಳನ್ನು ಓದಲು ಆಗುತ್ತಿಲ್ಲ, ಪುಟ್ಟಿ. ಅವತ್ತೇ ಬಿಡಿಸಿ ಬರೆಯಲಿಲ್ಲ, ಕೈ ಬೇರೆ ನಡುಗಿತ್ತು. ನಲ್ಲಿ ರಿಪೇರಿ, ಬೀರುವಿನ ಬೀಗದ ಕೈ, ಹೀಗೆ ಅಲ್ಲೊಂದು ಇಲ್ಲೊಂದು ಗೊತ್ತಾಗುತ್ತದೆ. ಉಳಿದದ್ದಕ್ಕೆ ನಾನೇನು ಮಾಡಲಿ, ಹೇಳು.

ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ. ನಿನ್ನ ಯಜಮಾನರಿಗೆ ನನ್ನ ನಮಸ್ಕಾರ ಹೇಳು. ಮಗಳಿಗೆ ಆಶೀರ್ವಾದ, ಅವಳ ಮೊದಲ ಸುದ್ದಿ ಅಚ್ಚಾದಾಗ ಕತ್ತರಿಸಿ ಕಳಿಸಲಿ, ತಪ್ಪು ಹುಡುಕುವ ಕೆಲಸ ನನಗಿರಲಿ. ಎಲ್ಲರೂ ತಣ್ಣಗಿರಿ.

ನಿನ್ನ
ಅಕ್ಕ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಡಿಸಿದ್ದೇನೆ. ಮೇಲೆ ಬರೆದದ್ದು ಸುಳ್ಳು. ನನಗೆ ಓದಲು ಬರುತ್ತದೆ. ಕೈ ನಡುಗಿಲ್ಲ, ಇಷ್ಟು ಅಚ್ಚುಕಟ್ಟಾಗಿ ನಾನು ಯಾವತ್ತೂ ಬರೆದಿಲ್ಲ. ಅಪ್ಪ ಹೋದ ಐದನೇ ದಿನ, ನೀನು ವಾಪಸು ಹೋದ ಮೇಲೆ, ಸಭೆಯ ಯಾವುದೋ ವಿವರ ಹುಡುಕಲು ಪುಸ್ತಕ ತೆರೆದಾಗ ಕಣ್ಣಿಗೆ ಬಿತ್ತು. ಎರಡನೇ ಪುಟದಲ್ಲಿ: ‘ಚಿಕ್ಕವಳಿಗೆ ಫೋನ್ ಮಾಡು. ಇವತ್ತೇ ಹೊರಟು ಬಾ ಅನ್ನು. ಅಳಿಯಂದಿರನ್ನೂ ಕರ್ಕೊಂಡು ಬರ್ಲಿ, ಅವರ ಹತ್ರ ನಾನೇ ಮಾತಾಡ್ತೀನಿ.’ ನಲ್ಲಿಯ ಮಾತಾದ ಮೇಲೆ ಅದೇ ಇನ್ನೊಮ್ಮೆ. ಅವರು ಹೇಳಿದ್ದು ಬೆಳಿಗ್ಗೆ ಹತ್ತಕ್ಕೆ. ನಿನ್ನ ಊರಿಂದ ನಾಲ್ಕು ತಾಸಿನ ದಾರಿ. ಕೊನೆಯ ಪುಟದಲ್ಲಿ, ‘ಮಾಡ್ತೀಯಲ್ಲ ಫೋನು?’ ಎಂದು ನನ್ನನ್ನೇ ಕೇಳಿದ್ದಾರೆ. ಅದನ್ನೂ ಬರೆದುಕೊಂಡಿದ್ದೇನೆ. ಪ್ರಶ್ನೆಯ ಚಿಹ್ನೆ ಕೂಡ ಹಾಕಿದ್ದೇನೆ.